ಒಗೆಯದ ಅಂಗಿ

ಮಟಾಟು ಮಿನಿಬಸ್ಸು ನೈರೋಬಿಯ ಲಂಗಾಟಾ ರಸ್ತೆಗೆ ಬಿದ್ದ ಮೇಲೆ, ತೊಡೆಯ ಮೇಲಿಟ್ಟುಕೊಂಡಿದ್ದ ಚೀಲದಿಂದ ವಾಸನೆ ಹೊರಗೆ ಬರುತ್ತಿದೆಯೇನೋ ಎಂದು ಸುಮತಿಗೆ ಅನುಮಾನವಾಯಿತು. ಚೀಲದ ಬಾಯನ್ನು ಇನ್ನೊಂದು ಸುತ್ತು ತಿರುಚಿ ಮುಷ್ಟಿಯಲ್ಲಿ ಹಿಡಿದಳು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕಿಟಕಿಯ ಗಾಜನ್ನು ಸರಿಸಿದಳು. ವಾಸನೆಗೆ ಸರಿಸಿದಳೋ ಸೆಕೆಗೋ ತಿಳಿಯಲಿಲ್ಲ. ಸೆಕೆಗೇ ಇರಬೇಕು. ಚೀಲದಲ್ಲಿರುವುದಾದರೂ ಏನು, ಎರಡು ಪುಟ್ಟ ಅಂಗಿ, ಒಂದು ಕುಲಾವಿ, ಅಂಚು ಸವೆದ ಒಂದು ಹೊದಿಕೆ. ಹಸುಗೂಸಿಗೆ ಬಟ್ಟೆ ತೆಗೆದುಕೊಂಡು ಹೋಗುತ್ತಿರುವ ಹೆಂಗಸನ್ನು ಕಂಡು ಯಾರು ಏನೆಂದುಕೊಂಡಾರು? ಒಳ್ಳೆಯವಳು ಎಂದುಕೊಂಡಾರು, ಅಷ್ಟೆ. ಕಂಡಕ್ಟರ್ ಚಿಲ್ಲರೆ ಕೊಡುತ್ತ "ಸವಾ, ಮಮಾ?" ಎಂದ. "ಸವಾ" ಎಂದಳು. ಎಲ್ಲ ಸರಿಯಾಗಿದೆ ಎಂದು ಈ ಊರಿನಲ್ಲಿ ದಿನಕ್ಕೆಷ್ಟು ಸಲ ಹೇಳಬೇಕಾಗುತ್ತದೆಯೋ, ಹೇಳಿ ಹೇಳಿ ಆ ಮಾತಿಗೆ ಅವಳ ಬಾಯಲ್ಲಿ ರುಚಿಯೇ ಉಳಿದಿರಲಿಲ್ಲ. ಇವತ್ತು ಮಾತ್ರ ಹೇಳುವಾಗ ನಗು ಬಂತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಮಗನಿಗೆ ಡಬ್ಬಿ ಕಟ್ಟಿ ಸ್ಕೂಲ್ ವ್ಯಾನ್ ಹತ್ತಿಸಿ, ಆಮೇಲೆ ಸೇಡು ತೀರಿಸಲು ಹೊರಟವರು ಇನ್ನು ಯಾರಾದರೂ ಇದ್ದಾರೆಯೇ?

ಕಾತ್ಯಾಯಿನಿ ಫೋನು ಮಾಡಿದ್ದು ಹೋದ ತಿಂಗಳು, ಸೊಸೆ ಭಾವನಾಗೆ ದಿನ ತುಂಬುತ್ತಿದ್ದಾಗ. ಕಿಲೆಲೆಶ್ವಾದ ಡಾಕ್ಟರ್ ಶೇಷಾದ್ರಿಯವರ ಹೆಂಡತಿ ಫೋನು ಮಾಡಿದರೆ ನೈರೋಬಿಯ ಕನ್ನಡದವರು ಕೂತಲ್ಲಿಂದ ಏಳುತ್ತಾರೆ. ಸುಮತಿಯೂ ಎದ್ದು ನಿಂತೇ ಮಾತಾಡಿದ್ದಳು, ಅದಕ್ಕಾಗಿ ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು. ಎದುರಿಗೆ ಮಾಮಿ, ನೀವು. ಮನಸ್ಸಿನೊಳಗೆ ಒಂಬತ್ತು ವರ್ಷದಿಂದ ಏಕವಚನವೇ. "ಏನೇ ಸುಮತಿ, ನಮ್ಮ ಅಮಿತ್‌ನ ಬಟ್ಟೆ ನಿನ್ನ ಹತ್ರಾನೇ ಇದೆಯಲ್ವಾ? ನಾಮಕರಣದ ತನಕ ಮಗೂಗೆ ಹೊಸಾದು ಹಾಕೋ ಹಾಗಿಲ್ಲ, ನಿಂಗೇ ಗೊತ್ತಲ್ಲ. ಭಾವನಾ ಆನ್‌ಲೈನಲ್ಲಿ ಏನೇನೋ ತರಿಸಿಟ್ಟಿದಾಳೆ. ಎಲ್ಲ ಎತ್ತಿಡಮ್ಮಾ, ಮೊದಲು ಹಳೇದು ಅಂದೆ. ಮಗು ಮನೇಗೆ ಬಂದ್ಮೇಲೆ ತಂದ್ಕೊಡು. ಒಗೀಬೇಡ ಮತ್ತೆ, ಹಾಗೇ ತಗೊಂಡ್ ಬಾ." ಒಗೀಬೇಡ. ಅವತ್ತೂ ಇದೇ ಮಾತು, ಇದೇ ದನಿ. ಅಮ್ಮ ವೀಸಾ ಸಿಗದೆ ಮೈಸೂರಿನಲ್ಲೇ ಉಳಿದು, ಹಸಿ ಬಾಣಂತಿ ಸುಮತಿ ಫ್ಲಾಟಿನಲ್ಲಿ ಒಬ್ಬಳೇ ಪೇಚಾಡುತ್ತಿದ್ದಾಗ ಆ ಹೆಂಗಸು ದೇವರ ಹಾಗೆ ಬಂದಿದ್ದಳು, ಅದೇನೂ ಸುಳ್ಳಲ್ಲ. ಮೆಣಸಿನ ಸಾರು, ಮೆಂತ್ಯದ ಹಿಟ್ಟು, ಕೊಬ್ಬರಿ ಎಣ್ಣೆ, ಜೊತೆಗೆ ಟ್ರಂಕಿನಿಂದ ತೆಗೆದ ಈ ಗಂಟು. ಬಿಚ್ಚಿದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತ್ತು. "ಒಂದ್ಸಲ ಒಗೆದು ಹಾಕ್ಲಾ ಮಾಮಿ?" ಎಂದು ಕೇಳಿದ್ದಳು. "ಒಗೆದ್ರೆ ಅದರ ಗುಣ ಹೋಗತ್ತೆ ಕಣೇ. ಇದನ್ನ ಹಾಕ್ಕೊಂಡೇ ನಮ್ಮ ಅಮಿತ್ ಗುಂಡುಕಲ್ಲಿನ ಹಾಗೆ ಬೆಳೆದಿದ್ದು. ನೀನು ಓದಿದವಳಪ್ಪಾ, ಇಷ್ಟ ಇಲ್ದಿದ್ರೆ ಬಿಡು" ಎಂದು ಗಂಟನ್ನು ಮತ್ತೆ ಕಟ್ಟಲು ಹೊರಟಿದ್ದಳು. ಆ 'ಓದಿದವಳು' ಎಂಬ ಮಾತಿಗೆ ಸುಮತಿ ನಾಚಿ ನೀರಾಗಿ, ಗಂಟನ್ನು ಅವಳ ಕೈಯಿಂದ ತಾನೇ ಕಿತ್ತುಕೊಂಡು, ಎಣ್ಣೆ ತೀಡಿದ ಮಗುವಿನ ಮೈಗೆ ತಾನೇ ಅಂಗಿ ತೊಡಿಸಿದ್ದಳು. ತಾನೇ. ಅದನ್ನು ಯಾರ ತಲೆಗೆ ಕಟ್ಟುವುದು?

ವಾಹನಗಳ ಸಾಲಿನಲ್ಲಿ ಮಟಾಟು ನಿಂತಿತು. ಮೊಣಕೈಯ ಮೇಲೆ ಬಿಸಿಲು ಬಿತ್ತು. "ಬೆಳಗಿನ ಬಿಸಿಲಿಗೆ ಹಿಡೀರಮ್ಮಾ, ಹೋಗತ್ತೆ" ಎಂದಿದ್ದರು ಶೇಷಾದ್ರಿ. ಮೂಳೆ ಡಾಕ್ಟರು, ಮುರಿದ ಕೈಕಾಲು ಕೂಡಿಸುವವರು. ಆದರೆ ಇಲ್ಲಿಯ ಕನ್ನಡದವರಿಗೆ ಜ್ವರಕ್ಕೂ ಅವರೇ, ಬಸಿರಿಗೂ ಅವರೇ, ಮಗುವಿನ ಕಾಮಾಲೆಗೂ ಅವರೇ. ಸೋಫಾದಿಂದ ಏಳದೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಗುವಿನ ಮುಖವನ್ನು ನೋಡಿದ ಹಾಗೆ ಮಾಡಿ ಹೇಳಿದ ಮಾತು ಅದು. ಸುಮತಿ ನಂಬಿ ಬಾಲ್ಕನಿಯಲ್ಲಿ ಮಗುವನ್ನು ಹಿಡಿದು ನಿಂತಳು. ಆಗ ಜುಲೈ. ನೈರೋಬಿಯ ಜುಲೈಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಮೋಡದ ಬೂದು ಬೆಳಕಿಗೆ ಮಗುವನ್ನು ಒಡ್ಡಿ, ಚಳಿಗೆ ಅದರ ಕಾಲು ತಣ್ಣಗಾಗುವುದನ್ನು ನೋಡುತ್ತ ನಿಂತಳು. ಮುಖದಲ್ಲಿದ್ದ ಹಳದಿ ಎದೆಗೆ ಇಳಿಯಿತು, ಹೊಟ್ಟೆಗೆ ಇಳಿಯಿತು. ಮಗು ಅಳುತ್ತಲೇ ಇರಲಿಲ್ಲ. "ಎಷ್ಟು ಸಾಧು ಕೂಸು" ಎಂದು ಬಂದವರೆಲ್ಲ ಹೊಗಳಿದರು. ಮೊಲೆ ಬಾಯಿಗಿಟ್ಟರೆ ಎರಡು ಗುಟುಕು ಚೀಪಿ ನಿದ್ದೆಗೆ ಜಾರುತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದರೆ ಗಂಡ ಗೋವಿಂದ, "ಡಾಕ್ಟ್ರೇ ನೋಡಿದಾರಲ್ಲೇ" ಎಂದ. ಪಕ್ಕದಲ್ಲಿದ್ದ ಕಾತ್ಯಾಯಿನಿ ನಕ್ಕಳು. "ಅಷ್ಟಕ್ಕೆಲ್ಲ ಆಸ್ಪತ್ರೆಯಾ? ಹಸಿ ಬಾಣಂತಿ ಹೊಸಿಲು ದಾಟ್ತಾಳಂತೆ!" ಆ ನಗುವನ್ನು ಸುಮತಿ ಇಷ್ಟು ವರ್ಷ ಸಾಕಿಕೊಂಡು ಬಂದಿದ್ದಾಳೆ. ಆಮೇಲೊಂದು ಮಧ್ಯಾಹ್ನ ಮಗು ಕಿರುಚಿತು. ಅಳುವಲ್ಲ, ಕೀರಲು ದನಿ. ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿತು. ಆಗ ಯಾರನ್ನೂ ಕೇಳದೆ ಹೊಸಿಲು ದಾಟಿದಳು.

ಜೀವ ಉಳಿಯಿತು. ನೀಲಿ ಬೆಳಕಿನ ಕೆಳಗೆ ಬೆತ್ತಲೆ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಅದೂ ಸಾಲದೆ ಮೈಯ ರಕ್ತವನ್ನೇ ಬದಲಾಯಿಸಿ ಉಳಿಸಿದರು. ಮಕ್ಕಳ ಡಾಕ್ಟರು ವಂಜಿಕು ಎಂಬಾಕೆ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕುಳಿತು ಹೇಳಿದ್ದರು. ಹುಟ್ಟಿದ ಮಕ್ಕಳಿಗೆ ಒಂದಿಷ್ಟು ಹಳದಿ ಬಂದು ಹೋಗುವುದು ಮಾಮೂಲು, ಆದರೆ ಬೇಗ ಏರಿದರೆ, ಕೆಳಕ್ಕೆ ಹೊಟ್ಟೆ ಕಾಲಿಗೆ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ ಅದು ಮಾಮೂಲು ಅಲ್ಲ, ಮಿದುಳಿಗೆ ಮುಟ್ಟುವ ಮೊದಲು ಇಳಿಸಬೇಕು, ಕಿಟಕಿಯ ಬಿಸಿಲಿನಿಂದ ಅದು ಇಳಿಯುವುದಿಲ್ಲ. "ಬಟ್ಟೆಗೆ ನುಸಿಗುಳಿಗೆ ಹಾಕಿದ್ದಿರಾ?" ಎಂದು ಕೇಳಿದ್ದೂ ಅವರೇ. ಕೆಲವು ಮಕ್ಕಳ ರಕ್ತದಲ್ಲಿ ಒಂದು ದೌರ್ಬಲ್ಯ ಇರುತ್ತದಂತೆ. ಆ ಗುಳಿಗೆಯ ಘಾಟು ತಗುಲಿದರೆ ಅಂಥ ರಕ್ತ ಒಡೆಯುತ್ತದಂತೆ, ಎಣ್ಣೆ ಸವರಿದ ಮೈ ಅದನ್ನು ಇನ್ನಷ್ಟು ಹೀರುತ್ತದಂತೆ. ಮಿಕ್ಕ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲವಂತೆ. ಗಂಡುಮಕ್ಕಳಿಗೆ ಆ ದೌರ್ಬಲ್ಯ ತಾಯಿಯಿಂದ ಬರುತ್ತದೆ ಎಂಬ ಕೊನೆಯ ಮಾತನ್ನು ವಂಜಿಕು ತೀರ ಮೆಲ್ಲಗೆ ಹೇಳಿದ್ದರು. ಸುಮತಿ ಅದನ್ನು ಗೋವಿಂದನಿಗೆ ಈವರೆಗೂ ಹೇಳಿಲ್ಲ.

ಮಗನಿಗೆ ವಿಠ್ಠಲ ಎಂದು ಗೋವಿಂದನ ತಾತನ ಹೆಸರಿಟ್ಟರು. ಆ ಹೆಸರನ್ನು ಅವನು ಒಂದು ಸಲವೂ ಕೇಳಿಲ್ಲ. ಬೆನ್ನ ಹಿಂದೆ ಪಾತ್ರೆ ಬಿದ್ದರೂ ತಿರುಗದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದದ್ದಾಯಿತು. ಕಿವಿ ಸರಿಯಿದೆ, ಕಿವಿಯಿಂದ ಮಿದುಳಿಗೆ ಹೋಗುವ ದಾರಿ ಹಾಳಾಗಿದೆ, ಯಂತ್ರ ಹಾಕಿದರೂ ಇವನಿಗೆ ಉಪಯೋಗವಿಲ್ಲ ಎಂದರು. ಈಗ ಅವನು ಕೈಯಲ್ಲಿ ಮಾತಾಡುತ್ತಾನೆ. ಶಾಲೆಯ ಗೆಳೆಯರು ಕೆನ್ನೆಯ ಗುಳಿಯನ್ನು ಬೆರಳಿನಿಂದ ಮುಟ್ಟಿ ಅವನನ್ನು ಕರೆಯುತ್ತಾರೆ, ಅದೇ ಅವನ ನಿಜವಾದ ಹೆಸರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಸುಮತಿ ಕೋಸಂಬರಿ ಬಡಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಕಾತ್ಯಾಯಿನಿಯ ದನಿ ಕೇಳಿಸಿತ್ತು. "ಪಾಪ, ಏನ್ಮಾಡೋದು, ಅವರ ಮನೆತನದಲ್ಲೇ ಏನೋ ಇರ್ಬೇಕು. ನಾವು ಕೈಲಾದಷ್ಟು ಮಾಡಿದ್ವಿ." ಸುಮತಿ ಬಗ್ಗಿ ಅವಳ ಎಲೆಗೂ ಕೋಸಂಬರಿ ಬಡಿಸಿ ಮುಂದೆ ಹೋದಳು. ಪೂರ್ತಿ ಸುಳ್ಳಾಗಿದ್ದಿದ್ದರೆ ಅಲ್ಲೇ ತಿರುಗಿ ನಾಲ್ಕು ಮಾತು ಆಡಿಬಿಡುತ್ತಿದ್ದಳೇನೋ. ಅರ್ಧ ನಿಜವಾಗಿತ್ತಲ್ಲ, ಅದು ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತು. ಅವಳ ರಕ್ತ, ಕಾತ್ಯಾಯಿನಿಯ ಗುಳಿಗೆ. ಎರಡೂ ಸೇರಿ ಆದ ಕೆಲಸಕ್ಕೆ ಒಬ್ಬಳೇ ಎಷ್ಟು ವರ್ಷ ಹೊಣೆ ಹೊರಬೇಕು?

ಊರ ನಡುವಿನ ಸಿಬಿಡಿಯಲ್ಲಿ ಇಳಿದು ಕಿಲೆಲೆಶ್ವಾದ ಮಟಾಟುವಿಗೆ ನಡೆಯುವ ದಾರಿಯಲ್ಲೇ ಆ ಅಂಗಡಿ ಇತ್ತು. ಫೋನು ಬಂದ ಮಾರನೆಯ ದಿನವೇ ಅಲ್ಲಿಗೆ ಬಂದು ಒಂದು ಪೊಟ್ಟಣ ನುಸಿಗುಳಿಗೆ ಕೊಂಡಿದ್ದಳು, ಬೆಳ್ಳಗೆ, ದುಂಡಗೆ, ಪೆಪ್ಪರ್‌ಮಿಂಟಿನ ಹಾಗೆ. ಮನೆಗೆ ಹೋಗಿ, ಬೀರುವಿನ ಮೇಲಿನ ಗೂಡಿನಿಂದ ಗಂಟು ಇಳಿಸಿ, ಮಡಿಕೆ ಮಡಿಕೆಗೂ ಇಟ್ಟು ಮತ್ತೆ ಕಟ್ಟಿದ್ದಳು. ಎಷ್ಟೋ ಸಲ ಅದನ್ನು ಸುಟ್ಟುಬಿಡಬೇಕೆಂದುಕೊಂಡಿದ್ದರೂ ಸುಟ್ಟಿರಲಿಲ್ಲ. ಯಾಕೆ ಎಂದು ಆಗ ತಿಳಿದಿರಲಿಲ್ಲ, ಈಗ ತಿಳಿಯಿತು. ನಾನೇನು ಮಾಡುತ್ತಿದ್ದೇನೆ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸುತ್ತಿದ್ದೇನೆ ಎಂದು ಪಾತ್ರೆ ತೊಳೆಯುವಾಗ ತನಗೇ ಹೇಳಿಕೊಂಡಳು. ಒಗೆಯಬೇಡ ಎಂದವಳು ಅವಳು. ಹೇಳಿದ ಮಾತು ಕೇಳುವುದೂ ತಪ್ಪೇ? ಅವರ ರಕ್ತ ಗಟ್ಟಿಯಿದ್ದರೆ ಏನೂ ಆಗುವುದಿಲ್ಲ. ನನ್ನ ಮಗುವಿಗೆ ಎಷ್ಟು ಅವಕಾಶವಿತ್ತೋ ಅಷ್ಟೇ ಅವಳ ಮೊಮ್ಮಗುವಿಗೂ ಇರಲಿ. ಹಾಗೆಂದುಕೊಂಡ ರಾತ್ರಿಗಳಲ್ಲಿ ಅವಳಿಗೆ ಒಳ್ಳೆಯ ನಿದ್ದೆ ಬಂದಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಕಿಲೆಲೆಶ್ವಾದ ಗೇಟಿನಲ್ಲಿ ಕಾವಲಿನ ಅಸ್ಕಾರಿ ಚೀಲದೊಳಗೆ ಇಣುಕಿ, ಮೂಗು ಮುರಿದು, ಒಳಗೆ ಬಿಟ್ಟ. ಬಾಗಿಲು ತೆರೆದ ಕಾತ್ಯಾಯಿನಿಯ ಕೈಗೆ ಎಣ್ಣೆ ಮೆತ್ತಿತ್ತು. "ಬಾರೇ, ಈಗ ಪುರುಸೊತ್ತಾಯ್ತಾ? ಚೀಲ ಅಲ್ಲೇ ಸ್ಟೂಲ್ ಮೇಲಿಡು, ಕೈಕಾಲು ತೊಳ್ಕೊಂಡು ಒಳಗ್ ಬಾ. ವಿಠು ಹೇಗಿದಾನೆ? ಈಗೇನಾದ್ರೂ ಕೇಳ್ಸತ್ತಾ ಅವನಿಗೆ?" ಪ್ರತಿ ಸಲವೂ ಇದೇ ಪ್ರಶ್ನೆ, ಕೆಮ್ಮು ವಾಸಿಯಾಯಿತೇ ಎಂದು ಕೇಳುವ ಹಾಗೆ. "ಚೆನ್ನಾಗಿದಾನೆ ಮಾಮಿ" ಎಂದು ಚೀಲವನ್ನು ಚಪ್ಪಲಿ ಗೂಡಿನ ಪಕ್ಕದ ಸ್ಟೂಲಿನ ಮೇಲಿಟ್ಟಳು. ಕೈ ಹಗುರಾಯಿತು. ಕೆಲಸ ಮುಗಿಯಿತು, ಇನ್ನು ತಿರುಗಿ ಹೋದರೂ ಆದೀತು. ಸೋಫಾದಲ್ಲಿ ಡಾಕ್ಟರು, ಅದೇ ಸೋಫಾ, ಪತ್ರಿಕೆಯಿಂದ ತಲೆಯೆತ್ತಿ "ಬಾಮ್ಮಾ" ಎಂದು ಮತ್ತೆ ಪತ್ರಿಕೆಗೆ ಇಳಿದರು. ಕೆಲಸ ಬಿಟ್ಟ ಮೇಲೆ ಅವರು ಯಾರ ಮುಖವನ್ನೂ ನೇರವಾಗಿ ನೋಡುವುದಿಲ್ಲ, ಸುಮತಿಯ ಮುಖವನ್ನಂತೂ ಅದಕ್ಕೂ ಮೊದಲಿನಿಂದಲೇ ನೋಡುತ್ತಿರಲಿಲ್ಲ. ಅಮಿತ್ ಆಫೀಸಿಗೆ ಹೋಗಿದ್ದ. ಭಾವನಾಳ ತಾಯಿ ಬೆಂಗಳೂರಿನಿಂದ ಬರುವುದು ಮುಂದಿನ ವಾರವಂತೆ.

ಬಾಣಂತಿಯ ಕೋಣೆಗೆ ಗಾಳಿ ಬೀಳದ ಹಾಗೆ ದಪ್ಪ ಪರದೆ ಎಳೆದಿದ್ದರು. ಹಳದಿ ಬಲ್ಬೊಂದು ಉರಿಯುತ್ತಿತ್ತು. ತಲೆಗೆ ಬಟ್ಟೆ ಬಿಗಿದುಕೊಂಡು ಭಾವನಾ ಹಾಸಿಗೆಯಲ್ಲಿ ಒರಗಿದ್ದಳು. ಪಕ್ಕದಲ್ಲಿ ಒಂದು ಹಳೆಯ ವಾಯಿಲ್ ಸೀರೆಯ ಮಡಿಕೆಗಳ ನಡುವೆ ಅಂಗೈಯಗಲದ ಮುಖ. ಸುಮತಿ ಬಗ್ಗಿದಳು. ಬಗ್ಗಿದ ಕೂಡಲೇ ಆ ವಾಸನೆ ಬಂತು. ತನ್ನ ಕೈಯದೇ ಇರಬೇಕು ಎಂದು ಮೂಸಿ ನೋಡಿಕೊಂಡಳು, ಕೈಗೆ ಇಲ್ಲಿಯ ಸಾಬೂನಿನ ವಾಸನೆ ಬಿಟ್ಟು ಬೇರೇನಿಲ್ಲ. ಚೀಲ ಹೊರಗೆ ಬಾಗಿಲ ಬಳಿ ಇದೆ. ಮತ್ತೆ ಬಗ್ಗಿ ಸೀರೆಯ ಅಂಚನ್ನು ಮೂಗಿಗೆ ಹಿಡಿದಳು. ಸೀರೆಯಿಂದಲೇ. ಟ್ರಂಕಿನ ಸೀರೆ, ಒಗೆಯದ ಸೀರೆ. "ಅತ್ತೇದು. ಮನೆಗೆ ಬಂದಾಗಿನಿಂದ ಇದರಲ್ಲೇ ಸುತ್ತಿಡ್ತಿದೀವಿ. ಅಮಿತ್‌ನೂ ಇದರಲ್ಲೇ ಸುತ್ತಿದ್ರಂತೆ" ಎಂದಳು ಭಾವನಾ. ಸುಮತಿ ಒಂದು ತಿಂಗಳು ಮುಚ್ಚಿಟ್ಟು ಕಾದುಕೊಂಡು ತಂದದ್ದು, ತಾನು ಬರುವ ಮೊದಲೇ, ತನ್ನ ಹಂಗಿಲ್ಲದೆ ಇಲ್ಲಿ ನಡೆದುಹೋಗಿದೆ. ಭಾವನಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸುಮತಿ ಆಂಟೀ, ಇವನು ಹಳದಿ ಕಾಣ್ತಾನಾ? ಹಾಲೂ ಸರಿಯಾಗಿ ಕುಡೀತಿಲ್ಲ, ಬರೀ ನಿದ್ದೆ. ಆಸ್ಪತ್ರೇಲಿ ನಿನ್ನೆ ಚೆಕಪ್‌ಗೆ ಬರೋಕೆ ಹೇಳಿದ್ರು. ಹೊಸಿಲು ದಾಟಬಾರದು, ನಾಮಕರಣ ಆದ್ಮೇಲೆ ಹೋಗೋಣ ಅಂದ್ರು ಅತ್ತೆ. ಅಮಿತ್‌ಗೆ ಹೇಳಿದ್ರೆ, ಅಪ್ಪ ನೋಡಿದಾರಲ್ಲ ಅಂತಾನೆ. ನಂಗೊಬ್ಬಳಿಗೇ ಹಾಗೆ ಕಾಣತ್ತಾ?"

ಒಂಬತ್ತು ವರ್ಷದ ಹಿಂದೆ ಇದೇ ಮಾತನ್ನು ತಾನು ಎಷ್ಟು ಜನರ ಹತ್ತಿರ ಕೇಳಿರಲಿಲ್ಲ? ಆದರೆ ಆ ಕ್ಷಣದಲ್ಲಿ ಸುಮತಿಗೆ ಮರುಕ ಬರಲಿಲ್ಲ. ಬಂದದ್ದು ಸಂತೋಷ. ಹೊಟ್ಟೆಯೊಳಗಿಂದ ಬಿಸಿಯಾಗಿ ಏರಿ ಬಂದ ಸಂತೋಷ. "ಕೋಣೆ ಕತ್ತಲೆ ಕಣಮ್ಮಾ, ಏನೂ ಕಾಣ್ಸಲ್ಲ" ಎಂದು ಹೇಳಿ ಹೊರಗೆ ಬಂದುಬಿಟ್ಟಳು. ಈಗ ಚೀಲವನ್ನು ಕೊಡುವುದೂ ಬೇಡ. ಅಯ್ಯೋ, ಒಗೆದೇ ಕೊಡುತ್ತೇನೆ ಎಂದು ವಾಪಸು ಒಯ್ದರೆ ಅವಳ ಕೈಗೆ ಒಂದಿಷ್ಟೂ ಮಸಿ ಅಂಟುವುದಿಲ್ಲ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಹೊಸತಲ್ಲ. ಸಂಘದಲ್ಲಿ ಸುಮ್ಮನಿದ್ದಳು, ಗಂಡನ ಹತ್ತಿರ ಸುಮ್ಮನಿದ್ದಳು, ಮನೆಯಲ್ಲಿ ಮಗನೊಡನೆ ಇರುವುದೇ ಮೌನ. ಇನ್ನೊಂದು ದಿನ, ಹೆಚ್ಚೆಂದರೆ ಎರಡು ದಿನ. ಆಮೇಲೆ ಈ ಮನೆಯಲ್ಲೂ ಆ ಕೀರಲು ದನಿ ಏಳುತ್ತದೆ. ಆಗ ಕಾತ್ಯಾಯಿನಿ ನಗುವುದನ್ನು ನೋಡಬೇಕು.

"ಕೂತ್ಕೋ, ಕಾಫಿ ಕುಡಿ" ಎಂದು ಕಾತ್ಯಾಯಿನಿ ಲೋಟ ತಂದಿಟ್ಟಳು. ಸುಮತಿ ಕೂತಳು, ಕುಡಿದಳು. ಕಾಫಿ ಚೆನ್ನಾಗಿತ್ತು, ಊರಿನಿಂದ ತರಿಸಿದ ಪುಡಿ. ಕಾತ್ಯಾಯಿನಿ ಅವಳ ಪಕ್ಕಕ್ಕೆ ಸರಿದು ಕೋಣೆಯ ಕಡೆ ಗದ್ದವೆತ್ತಿ ತೋರಿಸಿದಳು. "ಹಾಲೇ ಇಲ್ಲ ಕಣೇ ಇವಳಿಗೆ. ಅವರ ಕಡೆ ಎಲ್ಲಾರೂ ಹಾಗೇ ಅಂತೆ, ನಿಶ್ಶಕ್ತಿ ಮೈ. ಮಗೂನೂ ಸ್ವಲ್ಪ ಮಂಕು. ನಮ್ಮ ಅಮಿತ್ ಈ ಹೊತ್ತಿಗೆ ಊರೆಲ್ಲ ಎದ್ದು ಕೂರೋ ಹಾಗೆ ಅಳ್ತಿದ್ದ. ಇದು ನಮ್ಮನೆ ಗುಣ ಅಲ್ಲ ಬಿಡು, ಅವರ ಮನೆತನದಲ್ಲೇ ಏನೋ ಇರ್ಬೇಕು."

ಸುಮತಿ ಲೋಟವನ್ನು ಕೆಳಗಿಟ್ಟಳು. ಇಟ್ಟ ಸದ್ದು ತನಗೇ ಜೋರಾಗಿ ಕೇಳಿಸಿತು. ಅಂದರೆ ಈ ಹೆಂಗಸಿಗೆ ಏನೂ ಆಗುವುದಿಲ್ಲ. ಮಗು ಸತ್ತರೂ, ಕಿವುಡಾದರೂ, ಈ ಹೆಂಗಸು ಮುಂದಿನ ಯುಗಾದಿಗೆ ಅದೇ ರೇಷ್ಮೆ ಸೀರೆ ಉಟ್ಟು, ಅದೇ ಸಾಲಿನಲ್ಲಿ ಕುಳಿತು, ಪಾಪ, ಏನ್ಮಾಡೋದು ಎನ್ನುತ್ತಾಳೆ. ಕೋಸಂಬರಿ ಬಡಿಸುವವಳು ಭಾವನಾ ಆಗಿರುತ್ತಾಳೆ, ಅಷ್ಟೇ ವ್ಯತ್ಯಾಸ. ಯಾರಿಂದಾಯಿತು ಎಂದು ತಿಳಿಯದವಳ ಮೇಲೆ ಎಂಥ ಸೇಡು? ತಾನು ತಿಂಗಳಿಡೀ ಗುಳಿಗೆಯನ್ನು ಕಾವಲು ಕಾದದ್ದು ಈ ಹೆಂಗಸು ಇನ್ನೊಂದು ಸಲ ಕೈ ತೊಳೆದುಕೊಳ್ಳಲಿ ಎಂದೇ? ಇಲ್ಲ. ಇವಳಿಗೆ ಗೊತ್ತಾಗಬೇಕು. ಇವಳ ಸೀರೆ, ಇವಳ ಟ್ರಂಕು, ಇವಳ ಮಾತು ಎಂದು ಇವಳ ಮುಖಕ್ಕೇ ಹೇಳಬೇಕು, ಮಗು ಬದುಕಿ ಅದಕ್ಕೆ ಸಾಕ್ಷಿಯಾಗಬೇಕು. ಸುಮತಿಯನ್ನು ಎಬ್ಬಿಸಿ ನಿಲ್ಲಿಸಿದ್ದು ದಯೆಯಲ್ಲ, ಹಾಗೆಂದು ಅವಳು ಯಾವತ್ತೂ ಹೇಳಿಕೊಳ್ಳಲಾರಳು. ಸಿಟ್ಟೇ ಅವಳನ್ನು ಕೋಣೆಯೊಳಕ್ಕೆ ಓಡಿಸಿತು.

ಪರದೆಯನ್ನು ಹಿಡಿದು ಎಳೆದ ರಭಸಕ್ಕೆ ಮೇಲಿನ ಕೊಂಡಿಗಳು ಕಿತ್ತು ಬಂದವು. ಮಧ್ಯಾಹ್ನದ ಬೆಳಕು ಹಾಸಿಗೆಯ ಮೇಲೆ ಬಿತ್ತು. "ಗಾಳೀ, ಗಾಳೀ!" ಎಂದು ಕೂಗುತ್ತ ಕಾತ್ಯಾಯಿನಿ ಹಿಂದೆಯೇ ಬಂದಳು. ಸುಮತಿ ಸೀರೆ ಬಿಡಿಸಿ ನೆಲಕ್ಕೆ ಎಸೆದು, ಮಗುವನ್ನು ಕಿಟಕಿಯ ಬಳಿಗೆ ಎತ್ತಿಕೊಂಡು ಹೋದಳು. ಹಣೆಯನ್ನು ಬೆರಳಿನಿಂದ ಒತ್ತಿ ಬಿಟ್ಟಳು, ಬೆರಳು ತೆಗೆದ ಜಾಗ ಹಳದಿ. ಎದೆ ಒತ್ತಿದಳು, ಹಳದಿ. ಹೊಟ್ಟೆ, ತೊಡೆ, ಹಳದಿ. ಅಂಗಾಲು ತಿರುಗಿಸಿದಳು, ಅಲ್ಲಿಯೂ. ಇಷ್ಟು ತಿರುವಿ ಮುರುವಿ ಹಾಕಿದರೂ ಮಗು ಅಳಲಿಲ್ಲ, ಅರೆಗಣ್ಣು ತೆರೆದು ಮತ್ತೆ ಮುಚ್ಚಿತು. "ಡಾಕ್ಟ್ರೇ!" ಎಂದು ಅವಳು ಕೂಗಿದ ದನಿಗೆ ಶೇಷಾದ್ರಿ ಪತ್ರಿಕೆ ಹಿಡಿದುಕೊಂಡೇ ಓಡಿ ಬಂದರು. "ಸೋಫಾದಿಂದ ಎದ್ರಲ್ಲ, ಸಂತೋಷ. ಇಲ್ಲಿ ನಿಂತು, ಈ ಬೆಳಕಲ್ಲಿ ನೋಡಿ. ಕಾಲು ನೋಡಿ. ಬಿಸಿಲಿಗೆ ಹಿಡೀಲಾ ಇವನನ್ನೂ?" ಡಾಕ್ಟರು ನೋಡಿದರು. "ಬೆಳಿಗ್ಗೆ ಇಷ್ಟಿರ್ಲಿಲ್ಲ" ಎಂದರು. "ಬೆಳಿಗ್ಗೆ ನೀವು ನೋಡಿರ್ಲಿಲ್ಲ" ಎಂದಳು ಸುಮತಿ. ಅವರು ಪತ್ರಿಕೆ ಕೆಳಗೆ ಹಾಕಿ ಕಾರಿನ ಕೀಲಿಗೆ ತಡಕಾಡಿದರು.

"ಏನ್ ನಡೀತಿದೆ ಇಲ್ಲಿ? ಹಸಿ ಬಾಣಂತೀನ ಎಬ್ಬಿಸ್ತಿದೀಯಲ್ಲೇ! ಅಷ್ಟಕ್ಕೆಲ್ಲ ಆಸ್ಪತ್ರೆಯಾ?" ಕಾತ್ಯಾಯಿನಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಅದೇ ಮಾತು, ಒಂದಕ್ಷರವೂ ಬದಲಾಗಿರಲಿಲ್ಲ. ನಗು ಮಾತ್ರ ಇರಲಿಲ್ಲ. "ಹೌದು ಮಾಮಿ, ಅಷ್ಟಕ್ಕೇ" ಎಂದಳು ಸುಮತಿ. "ಅವತ್ತು ನೀವು ನಕ್ಕಿದ್ದಕ್ಕೆ ನಾನು ಕೂತೆ. ನನ್ನ ಮಗ ಇವತ್ತಿಗೂ ನಾನು ಕರೆದ್ರೆ ತಿರುಗಲ್ಲ. ನಿಮ್ಮ ಟ್ರಂಕಿನ ನುಸಿಗುಳಿಗೆಯಿಂದ ಅವನ ರಕ್ತ ಒಡೀತು. ಈಗ ನಿಮ್ಮ ಮೊಮ್ಮಗನ್ನ ಅದೇ ಟ್ರಂಕಿನ ಸೀರೇಲಿ ಸುತ್ತಿದೀರ. ಮನೆತನ ಅಂತೆ! ದಾರಿ ಬಿಡಿ." ಆಮೇಲೆ ಭಾವನಾಳ ಕಡೆ ತಿರುಗಿ, "ನಿನ್ನ ಕಣ್ಣು ಸರಿಯಾಗೇ ಇದೆ. ಏಳು. ಮುಂದೆ ಯಾರಾದ್ರೂ ನಿನ್ನಿಂದ ಆಯ್ತು ಅಂದ್ರೆ ನಂಗೊಂದು ಫೋನ್ ಮಾಡು" ಎಂದಳು. ಮಗುವನ್ನು ತನ್ನ ದುಪಟ್ಟಾದಲ್ಲಿ ಸುತ್ತಿ ಭಾವನಾಳ ತೋಳಿಗೆ ಕೊಟ್ಟಳು. ಭಾವನಾ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೋಗುತ್ತಿದ್ದರೂ ಲೆಕ್ಕಿಸದೆ ಅತ್ತೆಯನ್ನು ಬಳಸಿ ಹೊಸಿಲು ದಾಟಿದಳು. ಕಾತ್ಯಾಯಿನಿ ಎರಡು ನಿಮಿಷ ಒಬ್ಬಳೇ ನಿಂತಿದ್ದು, ಆಸ್ಪತ್ರೆಯಲ್ಲಿ ಮಗುವಿಗೆ ಬಟ್ಟೆ ಬೇಕಾದೀತೆಂದೋ ಏನೋ, ಸ್ಟೂಲಿನ ಮೇಲಿದ್ದ ಚೀಲವನ್ನು ಎತ್ತಿಕೊಂಡು ಕಾರು ಹತ್ತಿದಳು. ಸುಮತಿ ಅದನ್ನು ನೋಡಿದಳು, ಬೇಡ ಎನ್ನಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು, ಮಗುವನ್ನು ಬೆತ್ತಲೆ ಮಾಡಿ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಭಾವನಾ ಒಳಗಿದ್ದಳು. ಸುದ್ದಿ ತಿಳಿದು ಆಫೀಸಿನಿಂದ ಹೊರಟ ಅಮಿತ್‌ನನ್ನು ಕರೆತರಲು ಶೇಷಾದ್ರಿ ಗೇಟಿಗೆ ಹೋಗಿದ್ದರು. ಗಾಜಿನ ಹೊರಗಿನ ಬೆಂಚಿನ ಒಂದು ತುದಿಗೆ ಸುಮತಿ, ಇನ್ನೊಂದು ತುದಿಗೆ ಕಾತ್ಯಾಯಿನಿ. ಆ ನೀಲಿ ಬೆಳಕನ್ನು ಕಂಡು ಸುಮತಿಯ ಎದೆಗೆ ಮತ್ತೆ ಹಾಲು ಇಳಿಯುತ್ತದೆಯೇನೋ ಅನ್ನಿಸಿತು. ವಿಠು ವ್ಯಾನಿನಿಂದ ಇಳಿಯುವ ಹೊತ್ತಿಗೆ ಗೋವಿಂದ ಮನೆಯಲ್ಲಿರಲಿ ಎಂದು ಅವನಿಗೆ ಮೆಸೇಜು ಹಾಕಿದಳು. ಕಾತ್ಯಾಯಿನಿ ಬೆತ್ತಲೆ ಮಗುವನ್ನು ಗಾಜಿನಿಂದ ನೋಡಿ ನೋಡಿ, ಕುಲಾವಿಯನ್ನಾದರೂ ಹಾಕಲಿ ಎಂದೋ ಏನೋ ಚೀಲವನ್ನು ಬಿಚ್ಚಿದಳು. ವಾಸನೆ ಇಬ್ಬರ ನಡುವೆ ಎದ್ದಿತು. ಒಂದು ಗುಳಿಗೆ ಬೆಂಚಿನ ಮೇಲೆ ಉರುಳಿ ಸುಮತಿಯ ತೊಡೆಗೆ ತಾಗಿ ನಿಂತಿತು. ಕಾತ್ಯಾಯಿನಿ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಟ್ರಂಕುಗಳನ್ನೇ ಕಾದು ಮುದುಕಿಯಾದವಳು, ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇವು ಹೊಸವು" ಎಂದಳು.

ಗುಳಿಗೆಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದಳು. "ವರ್ಷ ಆಗೋಷ್ಟ್ರಲ್ಲಿ ಕರಗಿ ಹೋಗ್ತವೆ ಇವು. ನಾನು ಕೊಟ್ಟು ಒಂಬತ್ತು ವರ್ಷ ಆಯ್ತು. ಇವು ದುಂಡಗಿವೆ."

"ಹೌದು. ನಾನೇ ಕೊಂಡು ಹಾಕಿದೆ."

"ಗೊತ್ತಿದ್ದೂ?"

"ಗೊತ್ತಿದ್ದೇ ಹಾಕಿದೆ. ಒಗೀಬೇಡ ಅಂದ್ರಲ್ಲ."

ಕಾತ್ಯಾಯಿನಿ ಕಿರುಚಲಿ, ಕೆನ್ನೆಗೆ ಹೊಡೆಯಲಿ, ಜನ ಸೇರಿಸಲಿ ಎಂದು ಸುಮತಿ ಕಾದಳು. ಅದಕ್ಕೇ ಅಲ್ಲವೇ ಹೇಳಿದ್ದು. ಕಾತ್ಯಾಯಿನಿಯ ಮುಖ ಮಾತ್ರ ನಿಧಾನವಾಗಿ ಕುಸಿಯಿತು, ಮುಖದೊಳಗೆ ಆನಿಸಿಟ್ಟಿದ್ದ ಏನನ್ನೋ ತೆಗೆದ ಹಾಗೆ. ಅಷ್ಟರಲ್ಲಿ ಎಳೆಯ ವಯಸ್ಸಿನ ಡಾಕ್ಟರೊಬ್ಬಳು ಬಾಗಿಲು ತೆರೆದು ಬಂದಳು. ಹಳದಿ ತುಂಬ ಏರಿದೆ, ಆದರೆ ಹೊತ್ತು ಮೀರಿಲ್ಲ, ಬೆಳಕಿನಲ್ಲೇ ಇಳಿಯಬಹುದು, ಇಳಿಯದಿದ್ದರೆ ರಕ್ತ ಬದಲಾಯಿಸಬೇಕು, ರಕ್ತದ ದೌರ್ಬಲ್ಯವಿದೆಯೇ ಎಂದೂ ನೋಡುತ್ತೇವೆ ಎಂದಳು. ಆಮೇಲೆ ಮೂಗನ್ನು ಸ್ವಲ್ಪ ಅರಳಿಸಿ, ಮನೆಯಲ್ಲಿ ಮಗುವಿನ ಬಟ್ಟೆಗೆ ನುಸಿಗುಳಿಗೆ ತಾಗಿತ್ತೇ ಎಂದು ಇಬ್ಬರನ್ನೂ ನೋಡಿ ಇಂಗ್ಲಿಷಿನಲ್ಲಿ ಕೇಳಿದಳು. ಗಂಟು ಕಾತ್ಯಾಯಿನಿಯ ತೊಡೆಯ ಮೇಲಿತ್ತು, ಗುಳಿಗೆ ಅವಳ ಬೆರಳುಗಳ ನಡುವೆ ಇತ್ತು. ಇವಳು ತಂದದ್ದು ಎಂದು ಸುಮತಿಯ ಕಡೆ ಕೈ ತೋರಿಸಿದ್ದರೆ ಸಾಕಿತ್ತು, ಸುಮತಿ ಇಲ್ಲವೆನ್ನುತ್ತಿರಲಿಲ್ಲ. ಕಾತ್ಯಾಯಿನಿ ಎದ್ದು ನಿಂತಳು. "ಯೆಸ್ ಡಾಕ್ಟರ್. ಮೈ ಸಾರಿ. ಐ ಓನ್ಲಿ ಪುಟ್" ಎಂದಳು, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗಿಯ ದನಿಯಲ್ಲಿ. ಈ ಮಾತನ್ನು ಕೇಳಲು ಸುಮತಿ ಒಂಬತ್ತು ವರ್ಷ ಕಾದಿದ್ದಳು. ಕೇಳಿದಾಗ ಎದೆಯೊಳಗೆ ಏನೂ ಇಳಿಯಲಿಲ್ಲ, ಏನೂ ಏರಲಿಲ್ಲ. ಆ ಸಿಟ್ಟು ಇನ್ನೂ ಅಲ್ಲೇ ಇತ್ತು.

ಡಾಕ್ಟರು ಒಳಗೆ ಹೋದ ಮೇಲೆ ಕಾತ್ಯಾಯಿನಿ ಗುಳಿಗೆಗಳನ್ನು ಒಂದೊಂದಾಗಿ ಆರಿಸಿ ಕಸದ ಬುಟ್ಟಿಗೆ ಹಾಕಿ ಬಂದಳು. ಅಂಗಿಗಳನ್ನು ಕೊಡವಿದಳು, ಕುಲಾವಿಯ ದಾರವನ್ನು ನೇರ ಮಾಡಿದಳು, ಎಲ್ಲವನ್ನೂ ಮಡಿಸಿ ಗಂಟು ಕಟ್ಟಿದಳು. ಬೆಂಚಿನ ಮುಂದೆ ನಿಂತು, ಸುಮತಿಯ ಮುಖ ನೋಡದೆ ಗಂಟನ್ನು ಮುಂದಕ್ಕೆ ಚಾಚಿದಳು. "ನಾಮಕರಣದ ತನಕ ಹಳೇದೇ ಆಗ್ಬೇಕಲ್ಲಮ್ಮಾ. ಚೆನ್ನಾಗಿ ಒಗೆದು, ಬಿಸಿಲಿಗೆ ಹಾಕಿ ಕೊಡ್ತೀಯಾ?" ಅಮ್ಮಾ ಎಂದು ಅವಳು ಸುಮತಿಯನ್ನು ಕರೆದದ್ದು ಇದೇ ಮೊದಲು. ಗಾಜಿನಾಚೆ ಮಗು ಒಂದು ಕಾಲನ್ನು ಝಾಡಿಸಿ ಒದೆಯಿತು. ಆಮೇಲೆ ಬಾಯಿ ಅಗಲಿಸಿ, ಗಾಜು ದಾಟಿ ಕೇಳಿಸುವಷ್ಟು ಜೋರಾಗಿ, ಎಲ್ಲ ಮಕ್ಕಳ ಹಾಗೆ ಅತ್ತಿತು.

"ನೀವೇ ಒಗೀರಿ ಮಾಮಿ" ಎಂದಳು ಸುಮತಿ, ಕೂತಲ್ಲಿಂದ ಏಳದೆ.